ಹೊಲಿಗೆ ಯಂತ್ರಕ್ಕೆ ಒಂದು

ಮತಗಟ್ಟೆಯ ಮೇಷ್ಟ್ರು ನನ್ನ ಕೈ ಹಿಡಿದು
ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.
ಹದಿನೇಳು ವರ್ಷ ಜೀನ್ಸ್ ತೊಳೆದ ಕೈ,
ಉಗುರಿನ ಬುಡದಿಂದ ಮಣಿಕಟ್ಟಿನವರೆಗೆ ನೀಲಿ.
‘ಶಾಯಿ ಎಲ್ಲಿ ಹಚ್ಚಲಪ್ಪಾ ಇದಕ್ಕ?’
ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ,
ನಗುತ್ತಲೇ ಹೋಗಿ ರಟ್ಟಿನ ಮರೆಯಲ್ಲಿ ನಿಂತೆ.

ಹಿಂದಿನ ರಾತ್ರಿ
ಕೌಲ್ ಬಜಾರಿನ ಬಜ್ಜಿ ಬಂಡಿಯ ಹತ್ತಿರ
ಶೇಕ್ಷಾವಲಿ ಎಣ್ಣೆ ಹೀರಿದ ಪೇಪರಿನ ಮೇಲೆ
ಇಡೀ ವಾರ್ಡನ್ನು ಪಾಲು ಮಾಡಿದ್ದ.
ಲಾರಿ ಮಾಲೀಕನ ಮಗನಿಗೆ ಇಷ್ಟು,
ಯರ್ರಿಸ್ವಾಮಿಗೆ ಇಷ್ಟು,
ನಮ್ಮ ಸುಂಕಮ್ಮಗೆ...
ಪೆನ್ನು ಅಲ್ಲಿ ಜಾರಿತು, ಅಂಕಿ ಮೂಡಲಿಲ್ಲ.
‘ಆಕಿ ಬಂಗಾರ. ಯಾರು ಇಲ್ಲ ಅಂದ್ರು?
ಆದ್ರ ಆಕಿಗೆ ಹಾಕಿದ್ದು ಸೀದಾ ಲಾರಿಯವನ ಜೇಬಿಗೆ.
ಯರ್ರಿಸ್ವಾಮಿ ತಿಂತಾನ, ಖರೆ.
ಉಂಡಾದ ಮ್ಯಾಲೆ ಎಲಿನಾದ್ರೂ ಬಿಡ್ತಾನ.
ಅವನು ಎಲಿ ಸಮೇತ.’
ಯಾರೂ ಎದುರಾಡಲಿಲ್ಲ.
ಮೆಣಸಿನಕಾಯಿಯ ಖಾರಕ್ಕೆ ಕಣ್ಣೊರೆಸಿಕೊಂಡೆವು.

ಸುಂಕಮ್ಮ ಅಂದರೆ,
ನಮ್ಮ ಬೋರಿನಲ್ಲಿ ನೀಲಿ ನೀರು ಬಂದಾಗ
ಅದನ್ನೇ ಬಾಟಲಿಗೆ ತುಂಬಿ ಪಾಲಿಕೆಯ ಮೇಜಿನ ಮೇಲಿಟ್ಟು
‘ಕುಡೀರಿ ಸಾಹೇಬ್ರ’ ಅಂದವಳು.
ನನ್ನ ಮಗಳ ಜ್ವರದ ರಾತ್ರಿ
ವಿಮ್ಸ್ ಆಸ್ಪತ್ರೆಯ ಮೆಟ್ಟಿಲ ಮೇಲೆ
ನನಗಿಂತ ಮೊದಲು ಬಂದು ಕೂತಿದ್ದವಳು.
ಚಿಹ್ನೆ ಹೊಲಿಗೆ ಯಂತ್ರ.
ಅದರ ಕರಪತ್ರ ಅಚ್ಚು ಹಾಕಿಸಲು
ಮನೆಯಲ್ಲಿದ್ದ ಹೊಲಿಗೆ ಯಂತ್ರ ಒತ್ತೆಯಿಟ್ಟಳು.

ಬೆರಳು ಆ ಗುಂಡಿಯ ಮೇಲೆ ನಿಂತಿತು ಒಂದು ಗಳಿಗೆ,
ಇಸ್ತ್ರಿಪೆಟ್ಟಿಗೆಯ ಕಾವು ನೋಡುವ ಹಾಗೆ,
ಆಮೇಲೆ ಒಂದು ಸಾಲು ಮೇಲಕ್ಕೆ ಸರಿಯಿತು.
ನಾನೊಬ್ಬ ಬಿಟ್ಟರೆ ಏನು,
ಉಳಿದವರು ಹಾಕುತ್ತಾರಲ್ಲ.
ಅಷ್ಟು ಉದ್ದ ಯಾಕೆ ಕೂಗುತ್ತದೋ ಆ ಯಂತ್ರ.

ಎಣಿಕೆಯ ದಿನ
ಏಜೆಂಟರ ಚೀಟಿ ಕೈಯಿಂದ ಕೈಗೆ ಬಂತು.
ಯರ್ರಿಸ್ವಾಮಿ ಅರವತ್ತೆರಡು ಮತದಿಂದ ಗೆದ್ದಿದ್ದ.
ಹಾವೂ ಸತ್ತಿತು ಕೋಲೂ ಮುರಿಯಲಿಲ್ಲ,
ಶೇಕ್ಷಾವಲಿ ಬಂಡಿಯವನಿಗೆ ಎಲ್ಲರ ಬಜ್ಜಿ ದುಡ್ಡು ತಾನೇ ಕೊಟ್ಟ.
ಚೀಟಿಯ ಕೆಳಗೆ ನಮ್ಮ ಬೂತಿನ ಲೆಕ್ಕ:
ಹೊಲಿಗೆ ಯಂತ್ರ, ಒಂದು.

ಸಂಜೆಗೆ ಓಣಿ ಒಬ್ಬೊಬ್ಬರಾಗಿ
ಸುಂಕಮ್ಮನ ಬಾಗಿಲಿಗೆ ನಡೆಯಿತು.
ಗಾದಿಲಿಂಗ ಬಾಳೆಹಣ್ಣು ಒಯ್ದ, ಖಾಜಾಬಿ ಕಣ್ಣೀರು ಒಯ್ದಳು.
‘ಆ ಒಂದು ನಂದೇ ಅಕ್ಕಾ.’
ಶೇಕ್ಷಾವಲಿಯೂ ಹೇಳಿದ, ಆಣೆ ಮಾತ್ರ ಇಡಲಿಲ್ಲ.
ನಾನು ಹೋಗುವ ಹೊತ್ತಿಗೆ
ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ.
ಏನೂ ಹೇಳಬಾರದೆಂದೇ ಹೋಗಿದ್ದೆ.
‘ನಂದು ಅಕ್ಕಾ’ ಅಂದೆ.
ಬಾಯಿ ತಾನೇ ಹೇಳಿತು.

ಆಕೆ ಎಲ್ಲರಿಗೂ ಒಂದೇ ಥರ ತಲೆಯಾಡಿಸಿ
ಅರ್ಧರ್ಧ ಕಪ್ಪು ಚಾ ಕೊಟ್ಟಳು, ಹಾಲು ಸಾಲದೆ.
‘ಗೊತ್ತೈತಿ ತಗೋ.’
ಏನು ಗೊತ್ತಿತ್ತೋ.
ತನ್ನ ಓಟು ತಾನೇ ಹಾಕಿಕೊಂಡಿದ್ದರೆ
ನಾವಷ್ಟೂ ಜನ ಸುಳ್ಳರೆಂದು ಗೊತ್ತಿತ್ತು.
ಆಕೆಯೂ ಲೆಕ್ಕ ಹಾಕಿ ಯರ್ರಿಸ್ವಾಮಿಗೇ ಒತ್ತಿದ್ದರೆ
ಬಂದವರಲ್ಲಿ ಒಬ್ಬರ ಮಾತು ನಿಜ.
ಅದು ಯಾರದೆಂದು
ಆಕೆ ನಮ್ಮ ಮುಖಗಳಲ್ಲಿ ಹುಡುಕಲಿಲ್ಲ.

ಚರಂಡಿಗೆ ಈಗ ಅರ್ಧ ಓಣಿಯವರೆಗೆ ಮುಚ್ಚಳ ಬಂದಿದೆ.
ಇದ್ದದ್ದು ಹೇಳಬೇಕು, ಯರ್ರಿಸ್ವಾಮಿಯೇ ಹಾಕಿಸಿದ್ದು.
ಲಾರಿಯವನು ಇಷ್ಟೂ ಮಾಡುತ್ತಿರಲಿಲ್ಲ.
ಮುಚ್ಚಳ ನಮ್ಮ ಮನೆಗಿಂತ ನಾಲ್ಕು ಮನೆ ಹಿಂದೆ ಮುಗಿಯುತ್ತದೆ,
ಅಲ್ಲಿಂದಾಚೆ ನೀರು ಇನ್ನೂ ನೀಲಿ.

ಗುಡ್ಡದ ಬಂಡೆ ಹಗಲು ನುಂಗಿದ ಬಿಸಿಲನ್ನು
ರಾತ್ರಿಯೆಲ್ಲ ಊರ ಮೇಲೆ ಕಕ್ಕುತ್ತದೆ.
ಸೆಖೆಗೆ ಹೆಂಡತಿ ಬಾಗಿಲಲ್ಲಿ ಕೂತು
ಜೀನ್ಸಿನ ದಾರ ಕತ್ತರಿಸುತ್ತಾಳೆ.
ಅವಳ ಬೆರಳಿನ ಶಾಯಿ ಬೆಳೆದ ಉಗುರಿನ ಜೊತೆ ತುದಿಗೆ ಬಂದಿದೆ.
ನನ್ನ ಕೈಯಲ್ಲಿ ಯಾವುದು ಶಾಯಿ, ಯಾವುದು ಬಣ್ಣ,
ನನಗೇ ತಿಳಿಯುವುದಿಲ್ಲ.

ಓಣಿಯಲ್ಲಿ ಅವಳೊಬ್ಬಳೇ
ಆ ಸಂಜೆ ಸುಂಕಮ್ಮನ ಮನೆಗೆ ಹೋಗದವಳು.
ಯಾಕೆ ಅಂತ ಕೇಳಿದ್ದೆ.
‘ನೂರಾ ಇಪ್ಪತ್ತು ಪೀಸು ಬಾಕಿ ಅದಾವು’ ಅಂದಳು,
ಕತ್ತರಿ ನಿಲ್ಲಿಸದೆ.