ಓರೆ ಗೋಪುರಕ್ಕೆ ಬೆನ್ನು ಕೊಟ್ಟು

ಎರಡು ಹಗಲು, ಒಂದು ರಾತ್ರಿ. ಟಿಕೀಟು ನನ್ನದೇ.
ಯಾಕೆ ತೋರೂನ್, ಅಂದ ಲುದ್ವಿಕ್ ಫೋನಿನಲ್ಲಿ,
ಹಿನ್ನೆಲೆಯಲ್ಲಿ ಅವನ ಟ್ರಾಮಿನ ಗಂಟೆ.
ಸುಮ್ಮನೆ, ಅಂದೆ. ಹಳೇ ಊರು. ಇಟ್ಟಿಗೆ ಚೆನ್ನಾಗಿದೆಯಂತೆ.

ಐವತ್ತು ತುಂಬಿದ ತಮ್ಮ ಮಂಡಿಗೆ ಪಟ್ಟಿ ಬಿಗಿದು
ವೂಚ್‌ನಿಂದ ಬಂದ. ಕಡಲ ಗಾಳಿಗೆ ಬಣ್ಣ ಬಿಟ್ಟ ಕೋಟಿನಲ್ಲಿ
ಗ್ದಿನ್ಯಾದಿಂದ ನಾನು.
ರೈಲು ನಿಲ್ಲುವುದು ಹೊಳೆಯ ಆಚೆ, ಊರಿರುವುದು ಈಚೆ.
ಸೇತುವೆ ನಡೆದೇ ದಾಟೋಣ ಎಂದ. ಮಧ್ಯದಲ್ಲಿ ನಿಂತು
ಕಂಬಿಗೆ ಎದೆ ಕೊಟ್ಟು ನೋಡಿದೆವು:
ಕೆಂಪಿಟ್ಟಿಗೆಯ ಕೋಟೆ, ಚೂಪು ಮಾಡು, ಚರ್ಚಿನ ದಪ್ಪ ಹೆಗಲು,
ಕೆಳಗೆ ಚಹಾಲೋಟ ತೊಳೆದ ನೀರಿನ ಬಣ್ಣದ ವಿಸ್ಟುಲಾ,
ಯಾವ ಅವಸರವೂ ಇಲ್ಲದ ಹೊಳೆ.
"ಇದನ್ನು ಪುಸ್ತಕದಲ್ಲಿ ನೋಡಿದ್ದೆ, ಚಿಕ್ಕವನಿದ್ದಾಗ" ಅಂದ.
ನನ್ನ ಹೊಟ್ಟೆಯಲ್ಲೊಂದು ಕಲ್ಲು ಮಗ್ಗುಲಾಯಿತು.

ಚೌಕದ ಮೂಲೆಯಲ್ಲಿ ಕಂಚಿನ ಕತ್ತೆ.
ಹಿಂದೆ ತಪ್ಪು ಮಾಡಿದ ಸಿಪಾಯಿಗಳನ್ನು
ಮರದ ಕತ್ತೆಯ ಹರಿತ ಬೆನ್ನಿನ ಮೇಲೆ ಕೂರಿಸಿ
ಕಾಲಿಗೆ ಸೀಸ ಕಟ್ಟುತ್ತಿದ್ದರಂತೆ.
ಈಗ ಮಕ್ಕಳು ಏರಿ ಏರಿ ಬೆನ್ನು ಬಂಗಾರ.
ಲುದ್ವಿಕ್‌ಗೂ ಹತ್ತುವ ಆಸೆ. ಮಂಡಿ ಬಿಡಲಿಲ್ಲ.
ಹಿಡಿದುಕೋ ಬೋಗ್ನಾ, ಅನ್ನುವಷ್ಟರಲ್ಲಿ
ಐಸ್‌ಕ್ರೀಮು ನೆಕ್ಕುತ್ತಿದ್ದ ಹುಡುಗಿಯೊಬ್ಬಳು
"ಅಜ್ಜಾ, ಸಾಲಿದೆ" ಅಂದಳು.

ಓರೆ ಗೋಪುರ ಬೀದಿಯ ಕಡೆ ವಾಲಿ
ಶತಮಾನಗಳಿಂದ ಏನನ್ನೋ ಕದ್ದು ಕೇಳುತ್ತ ನಿಂತಿದೆ.
ನಿಯಮ ಇಷ್ಟೇ: ಹಿಮ್ಮಡಿ, ಬೆನ್ನು ಗೋಡೆಗೊತ್ತಿ
ಎರಡೂ ಕೈ ಮುಂದೆ ಚಾಚಿ ನಿಲ್ಲಬೇಕು.
ಮನಸ್ಸು ಶುದ್ಧವಿದ್ದರೆ ನಿಲ್ಲುತ್ತೀರಿ; ಪಾಪಿ ಮುಗ್ಗರಿಸುತ್ತಾನೆ.
ಲುದ್ವಿಕ್ ಮುಗ್ಗರಿಸಿದ. ಮತ್ತೊಮ್ಮೆ. ಮೂರನೆಯ ಸಲ
ಯಾರೋ ಸ್ಪೇನಿನ ಹೆಂಗಸಿನ ತೋಳಿಗೆ ಬಿದ್ದು ಕ್ಷಮೆ ಕೇಳಿದ.
ನನ್ನ ಸರದಿ.
ಕುಂಬಳಕಾಯಿ ಕಳ್ಳ ಅಂದವರು ಯಾರೂ ಇಲ್ಲ,
ಆದರೂ ಹೆಗಲು ಮುಟ್ಟಿ ನೋಡಿಕೊಂಡೆ.
ನಿಂತೆ.
ಹತ್ತರವರೆಗೆ ಎಣಿಸಿದ ಅವನು. ನಿಂತೇ ಇದ್ದೆ.
"ನೀನು ಯಾವಾಗಲೂ ಹೀಗೇ" ಎಂದು ಚಪ್ಪಾಳೆ ತಟ್ಟಿದ.
ಗೋಪುರಕ್ಕೆ ಕಣ್ಣಿಲ್ಲ. ಇಲ್ಲವೇ ನನ್ನ ಬೂಟು ಭಾರ.

ಆಗ ಅವನಿಗೆ ಒಂಬತ್ತು, ನನಗೆ ಹದಿನಾಲ್ಕು.
ಶಾಲೆಯ ಪ್ರವಾಸ, ಇದೇ ಊರಿಗೆ.
ಅಮ್ಮ ಬೆಣ್ಣೆ ಬಿಟ್ಟು, ಬಸ್ಸು ಬಿಟ್ಟು ನಡೆದು
ಚಹಾ ಡಬ್ಬಿಯಲ್ಲಿ ಕೂಡಿಸಿದ ಮುನ್ನೂರು ಜ್ಲೋತಿ.
ಶುಕ್ರವಾರ ಡಬ್ಬಿ ಬರಿದು. ಕಳೆದೆಯಾ? ತಿಂದೆಯಾ?
ಅಪ್ಪನ ಬೆಲ್ಟು ಅವನಿಗೆ. ನಾನು ಅಟ್ಟದ ಮೇಲೆ
ಹೊಸ ನೈಲಾನ್ ಕಾಲುಚೀಲ ತೊಟ್ಟು
ಒಡೆದ ಕನ್ನಡಿಯೆದುರು ಒಂದೊಂದೇ ಕಾಲು ಎತ್ತಿ ನೋಡುತ್ತಿದ್ದೆ.
ಶನಿವಾರ ಬಸ್ಸು ಅವನನ್ನು ಬಿಟ್ಟು ಹೊರಟಿತು.

ರಾತ್ರಿ, ಬಾಡಿಗೆ ಕೋಣೆ: ಎರಡು ಕಿರುಮಂಚ,
ನಡುವೆ ಸ್ಟೂಲಿನ ಮೇಲೆ ಜೇನು-ಶುಂಠಿಯ ಬಿಲ್ಲೆಗಳ ಪೊಟ್ಟಣ.
ಹಲ್ಲಿಗೆ ಬಗ್ಗುವುದಲ್ಲ. ಅವನು ಚಹಾದಲ್ಲಿ ಅದ್ದಿ ತಿಂದ.
ದೀಪ ಆರಿದ ಮೇಲೆ ಹೇಳಿದೆ:
"ಆ ಡಬ್ಬಿಯ ದುಡ್ಡು ತೆಗೆದವಳು ನಾನು."
"ಯಾವ ಡಬ್ಬಿ?"
ಹೇಳಿದೆ, ಊರು, ಬಸ್ಸು, ಬೆಲ್ಟು.
"ಪ್ರವಾಸವೇ? ನನಗಾಗ ಮಂಗನಬಾವು ಬಂದಿತ್ತಲ್ಲ.
ಕೆನ್ನೆ ಊದಿ ಮನೆಯಲ್ಲಿದ್ದೆ. ಸೂಪು ಕುಡಿದದ್ದು ನೆನಪಿದೆ."

ನಲವತ್ತೊಂದು ವರ್ಷ ಒಳಗೊಳಗೇ ಬಡ್ಡಿ ಕಟ್ಟಿ
ಅಸಲು ಹಿಡಿದು ಬಾಗಿಲು ತಟ್ಟಿದರೆ
ಸಾಲ ಕೊಟ್ಟವನಿಗೆ ಲೆಕ್ಕವೇ ಮರೆತಿದೆ.
ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.
ಏನು ಕೊಂಡೆ ಎಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ.
ಆಗಲೇ ಗೊರಕೆ.

ಮರುದಿನ ಡಿಪೋದ ಗೆಳೆಯರಿಗೆಂದು ಇನ್ನಷ್ಟು ಬಿಲ್ಲೆ ಕೊಂಡ,
ಮುರಿದವು ಅಗ್ಗವೇ ಎಂದು ಎರಡು ಅಂಗಡಿಯಲ್ಲಿ ವಿಚಾರಿಸಿದ.
ನನ್ನ ರೈಲು ಮೊದಲು.
ಕಿಟಕಿಯ ಕೆಳಗೆ ಮಂಡಿಯ ಪಟ್ಟಿ ಸರಿಮಾಡಿಕೊಳ್ಳುತ್ತ
ತಲೆ ಎತ್ತದೆ ಕೇಳಿದ:
"ಆ ಕಾಲುಚೀಲ ಎಷ್ಟು ದಿನ ಬಾಳಿದವು?"

ಗಾಡಿ ಅಲುಗಿತು.
"ಎರಡು ವಾರ" ಅಂದೆ. "ಹಿಮ್ಮಡಿಯಲ್ಲಿ ಹರಿದವು."