ಒರೆಸಿದ ಜಾಗ

ಗಣಿಯವರ ಸ್ನಾನದ ಮನೆಯೇ ಈಗ ಮಾಲ್ವೀನಾಳ ಚಿತ್ರಶಾಲೆ.
ಸೂರಿನಿಂದ ಇಳಿಬಿದ್ದ ಸರಪಳಿಗಳು ಹಾಗೇ ಇವೆ;
ಒಂದೊಂದರ ತುದಿಗೂ ಒಬ್ಬೊಬ್ಬನ ಅಂಗಿ
ಮೇಲೆ ತೂಗುತ್ತಿತ್ತಂತೆ, ಅವನು ಕೆಳಗಿದ್ದಷ್ಟು ಹೊತ್ತೂ.
ನಾನು ಒಳಗೆ ಬಂದದ್ದು ಇದೇ ಮೊದಲು.
ನಲವತ್ತು ವರ್ಷ ಗೇಟಿನ ತನಕ ಮಾತ್ರ ನನ್ನ ದಾರಿ.

'ನೋಡಿ ತ್ರೂದಾ ಅಜ್ಜಿ, ನಿಮ್ಮ ಬೀದಿ' ಅಂದಳು.
ಗೋಡೆಯಗಲ ಸತುವಿನ ತಗಡು.
ಮೇಲೆ ಬಿತೊಮಿನ ಇಟ್ಟಿಗೆ ಮನೆಗಳ ಸಾಲು:
ಇಟ್ಟಿಗೆಯೆಂದರೆ ಸಂಬಳದ ಚೀಟಿ,
ಚಹಾದಲ್ಲಿ ಅದ್ದಿ, ಕತ್ತರಿಸಿ ಅಂಟಿಸಿದ್ದು.
ಆಕಾಶಕ್ಕೆ ಯಾರದೋ ಎದೆಯ ಎಕ್ಸ್-ರೇ,
ಪಕ್ಕೆಲುಬಿನ ನಡುವೆ ಹೊಗೆಗೊಳವೆ.
ಪಾರಿವಾಳದ ಕಾಲುಂಗುರಗಳನ್ನು ತಂತಿಯಲ್ಲಿ ಹೊಲಿದಿದ್ದಾಳೆ.
ಅಲೋಯ್ಸನ ಹಕ್ಕಿಗಳ ನಂಬರು ನನಗೆ ಬಾಯಿಪಾಠ;
ಎರಡನ್ನು ಗುರುತು ಹಿಡಿದೆ, ಹೇಳಲಿಲ್ಲ.

ಕೆಳಗೆ ಕಲ್ಲಿದ್ದಲು ಬಗೆದಷ್ಟೂ
ಮೇಲೆ ನಮ್ಮ ಗೋಡೆ ಬಿರಿಯುತ್ತಿತ್ತು.
ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಮೆತ್ತಿ ಹೋಗುತ್ತಿದ್ದರು ಕಂಪನಿಯವರು:
ಗಾಜು ಸೀಳಿದರೆ ಮನೆ ನಡೆಯುತ್ತಿದೆ ಅಂತ.
ಆ ಗಾಜುಗಳೂ ಇವೆ ಇಲ್ಲಿ, ಸೀಳಿದವು.
ಹನ್ನೊಂದು ಸೆಂಟಿಮೀಟರ್ ನಡೆದೆವು ನಾವು,
ಊಟಕ್ಕೆ ಕೂತಲ್ಲೇ ಕೂತು.

ಮೂರನೇ ಕಿಟಕಿಯಲ್ಲಿ ನಾನಂತೆ.
ಫೋಟೋ ಅಲ್ಲ, ಬಣ್ಣವೂ ಅಲ್ಲ,
ನಾನೇ ಕೊಟ್ಟ ದಿಂಬುಚೀಲದ ಚೂರು,
ಅದರಲ್ಲಿ ಮೊಣಕೈ ಊರಿದ ಎರಡು ಕುಳಿ.
'ಮುಖ ಬೇಕಿತ್ತೇ?'
ಬೀದಿ ನೋಡುವವಳಿಗೆ ಮುಖವೇಕಮ್ಮ, ಬಿಡು.
ತಿರುವಿನಲ್ಲಿ ರಬ್ಬರ್ ಬೆಲ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ್ದೀಯಲ್ಲ,
ಆ ಆಳಿಗೆ ಚೀಲ ತಪ್ಪು ಹೆಗಲಿಗೆ ಬಿದ್ದಿದೆ.
ಎಡಚ ಅವನು.

ಕಿಟಕಿಯ ಕೆಂಪು ಚೌಕಟ್ಟಿನ ಕೆಳಗೆ, ದಂಡೆಯ ಮೇಲೆ,
ಮಸಿ ಉದುರಿಸಿದ್ದಳು. ನಿಜವಾದ ಮಸಿ,
ಮುಚ್ಚಿದ ಕೋಕ್ ಒಲೆಯಿಂದ ಕೆರೆದು ತಂದದ್ದು;
ಮೇಲೆ ಇನ್ನೂ ಅಂಟು ಬಳಿದಿರಲಿಲ್ಲ.

ಕೈ ನನ್ನನ್ನು ಕೇಳಲಿಲ್ಲ.
ಕರವಸ್ತ್ರದ ತುದಿಗೆ ಉಗುಳು ಸೋಕಿಸಿ
ಎಡದಿಂದ ಬಲಕ್ಕೆ, ಒಂದೇ ಎಳೆತ,
ದಿನಾ ಬೆಳಿಗ್ಗೆ, ಅವನ ಪಾಳಿ ಬಿಡುವ ಮುನ್ನ
ಒರೆಸುತ್ತಿದ್ದ ಹಾಗೆಯೇ.

ಅಂಗೈಯಗಲ ತಗಡು ಬೆಳ್ಳಗೆ ಬಿಟ್ಟುಕೊಂಡಿತು.
ಮಾಲ್ವೀನಾ ಬೈಯಲಿಲ್ಲ. ತುಂಬ ಹೊತ್ತು ನೋಡಿ,
ಮಸಿಯ ಡಬ್ಬಿ ಮುಚ್ಚಿಟ್ಟಳು.
ಆಮೇಲೆ ಕೈಯೊಡ್ಡಿದಳು: ಆ ಕರವಸ್ತ್ರ ಕೊಡಿ, ಅದೂ ಇರಲಿ ಇದರಲ್ಲಿ.

ಚೀಟಿ ಕೊಟ್ಟೆ, ಉಂಗುರ ಕೊಟ್ಟೆ, ದಿಂಬು ಕೊಟ್ಟೆ.
ಅದನ್ನು ಮಾತ್ರ ಕೊಡಲಿಲ್ಲ.
ಮನೆಗೆ ತಂದು ಒಗೆದೆ.
ಮೂರನೇ ನೀರೂ ಕಪ್ಪಾಗಿಯೇ ಹೋಯಿತು.