ಹದಿನೇಳನೇ ಬೋಲ್ಟು

ಮರದ ವಿಷಯದಲ್ಲಿ ನನಗೆ ಯಾರ ಮಾತೂ ಬೇಕಿರಲಿಲ್ಲ.
ಮೂವತ್ತೊಂದು ವರ್ಷ ತಾಲಿನ್‌ನಲ್ಲಿ
ಪಿಯಾನೋಗಳ ನಾದಹಲಗೆ ಕೆತ್ತಿದವನು.
ಸ್ಪ್ರೂಸ್ ಪಟ್ಟಿಯನ್ನು ಎರಡು ಬೆರಳಲ್ಲಿ ತೂಗುಬಿಟ್ಟು
ಗೆಣ್ಣಿನಿಂದ ತಟ್ಟಿದರೆ ಸಾಕು,
ಒಳಗೆ ಗಂಟಿದೆಯೋ, ಗಾಳಿಗೆ ತಿರುಚಿಕೊಂಡು ಬೆಳೆದದ್ದೋ,
ಅದೇ ಹೇಳಿಬಿಡುತ್ತದೆ.
ವಿಮಾನದ ರೆಕ್ಕೆಯ ತೊಲೆಗೆಂದು ಬಂದ ಒಂಬತ್ತರಲ್ಲಿ
ಐದನ್ನು ವಾಪಸು ಕಳಿಸಿದೆ.
ಒಂದಂತೂ ಎಷ್ಟು ಚಂದ ನುಡಿಯಿತೆಂದರೆ
ಹಾರಿಸುವುದು ಪಾಪವೆನಿಸಿ ಗೋಡೆಗೆ ಒರಗಿಸಿಟ್ಟೆ.
ಇನ್ನೂ ಅಲ್ಲೇ ಇದೆ.

ಕಬ್ಬಿಣದ ಕಥೆ ಬೇರೆ.
ತಟ್ಟಿದರೆ ಎಲ್ಲ ಬೋಲ್ಟೂ ಒಂದೇ ಸುಳ್ಳು ಹೇಳುತ್ತದೆ: ಟಣ್.

ನಮ್ಮ ಸಾರೆಮಾ ದ್ವೀಪಕ್ಕೆಲ್ಲ ಲೆಂಬಿತ್‌ನ ಅಂಗಡಿಯೇ ಗತಿ.
ದೋಣಿಗೆ, ಬೇಲಿಗೆ, ಹಂದಿದೊಡ್ಡಿಯ ಬಾಗಿಲಿಗೆ
ಬೇಕಾದ್ದೆಲ್ಲ ತಗಡಿನ ಡಬ್ಬಗಳಲ್ಲಿ, ತೂಕದ ಲೆಕ್ಕದಲ್ಲಿ.
"ಅದೇ ದಪ್ಪ, ಅದೇ ಉದ್ದ" ಎಂದು ಅಂಗೈಗೆ ಸುರಿದ.
"ನಿನ್ನ ಒಂದರ ದುಡ್ಡಿಗೆ ನನ್ನಲ್ಲಿ ಒಂದು ಹಿಡಿ."
ನಾನು ತರಿಸಿದ್ದರ ತಲೆ ತಿರುಗಿಸಿ ತೋರಿಸಿದೆ:
ಪುಟ್ಟ ಅಡ್ಡಗುರುತು, ಮೈಗೆ ಜೇನಿನ ಬಣ್ಣದ ಲೇಪ,
ಯಾವ ಕುಲುಮೆ, ಯಾವ ತಿಂಗಳು, ಎಷ್ಟು ಎಳೆದಾಗ ಹರಿಯಿತು
ಎಂಬ ಚೀಟಿ ಜೊತೆಗೇ.
ಅವನದರ ಹಣೆ ಬೋಳು.
"ಹಣೆಬರಹವೇ ಇಲ್ಲದ್ದನ್ನು ನಂಬಿ ಮೇಲೇರುವುದು ಹೇಗೆ?"
ಲೆಂಬಿತ್ ನಕ್ಕ. "ಹಣೆಬರಹ ನಂಬಿ
ನಾನು ಎರಡು ಸಲ ಮದುವೆಯಾದೆ."

ಆದರೂ ಹದಿನೇಳು ಕೊಂಡೆ, ಸದ್ಯದ ಮಟ್ಟಿಗೆ.
ಜೋಡಿಸಿ ಬಿಚ್ಚಿ ಜೋಡಿಸುವಾಗ ಒಳ್ಳೆಯವು ಸವೆಯಬಾರದಲ್ಲ.
ತಲೆಗೆಲ್ಲ ಕೆಂಪು ಬಳಿದು
ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ: ಹದಿನೇಳು.

ಚಳಿಗಾಲ ಪೂರ್ತಿ ಅಳತೆಯದೇ ಜಗಳ.
ನುಣುಪು ಭಾಗವೇ ಮರದೊಳಗೆ ಕೂರಬೇಕು, ತಿರುಪು ಹೊರಗೆ.
ಕೂದಲೆಳೆ ತಪ್ಪಿದರೂ ತಿರುಪಿನ ಹಲ್ಲು
ಸ್ಪ್ರೂಸನ್ನು ಇಲಿಯ ಹಾಗೆ ಕೊರೆಯುತ್ತದೆ.
ವಾಷರು ಅಗಲವಿರಲಿ, ಇಲ್ಲವೆಂದರೆ ಬಿಗಿದಷ್ಟೂ ಮರ ಅಪ್ಪಚ್ಚಿ.
ತೂತಿನೊಳಗೂ ವಾರ್ನಿಷು, ಸೀಸೆ ತೊಳೆಯುವ ಕುಂಚದಲ್ಲಿ.
ಕಿರೀಟದ ನಟ್ಟು, ಅದರ ಕಿವಿಗೆ ಸೀಳುಪಿನ್ನು.
ಮರ, ಕೈಕೊಡುವ ಮುಂಚೆ ಒಂದು ಸಲ ನರಳುತ್ತದೆ.
ಉಕ್ಕಿಗೆ ಆ ಸೌಜನ್ಯವಿಲ್ಲ.

ಮೇ ತಿಂಗಳು. ಬಟ್ಟೆ ಹೊದಿಸುವ ಹಿಂದಿನ ರಾತ್ರಿ
ಬಿಚ್ಚಿದ ಕೆಂಪು ತಲೆಗಳನ್ನು ಎಣಿಸಿದೆ. ಹದಿನಾರು.
ಇನ್ನೊಂದು ಸಲ. ಹದಿನಾರು.
ನೆಲ ಗುಡಿಸಿದೆ, ಮರದ ಹುಡಿಯನ್ನು ಅಯಸ್ಕಾಂತದಿಂದ ಜಾಲಾಡಿದೆ.
ಸಿಕ್ಕಿದ್ದು ಎರಡು ಮೊಳೆ, ಯಾವ ಕಾಲದ್ದೋ ಪಿಯಾನೋ ತಂತಿಯ ಚೂರು.
ಬಣ್ಣ ಉದುರಿರಬಹುದು.
ಯಾವುದೋ ಕೀಲಿನಲ್ಲಿ ಮರ್ಯಾದಸ್ಥನ ಹಾಗೆ ಕೂತಿರಬಹುದು.

ಬಿಚ್ಚಿದೆ. ಎಲ್ಲವನ್ನೂ. ಇನ್ನೂರ ಹನ್ನೆರಡು.
ಒಂದೊಂದರ ಹಣೆಯನ್ನೂ ಟಾರ್ಚಿಗೆ ಹಿಡಿದು ಓದಿದೆ.
ಇಲ್ಲಿ ಈಗ ಬೇಗ ಬೆಳಕಾಗುತ್ತದೆ,
ಟಾರ್ಚು ಯಾವಾಗ ಆರಿಸಿದೆನೋ ನೆನಪಿಲ್ಲ.
ಎಲ್ಲಕ್ಕೂ ಅಡ್ಡಗುರುತು. ಎಲ್ಲ ಸರಿ.
ಸರಿಯಿದ್ದದ್ದೇ ಇನ್ನಷ್ಟು ಹೆದರಿಸಿತು.

ಒಂಬತ್ತಕ್ಕೆ ಪಕ್ಕದ ಮನೆಯ ಹೆಲ್ಮಿ ಮೊಟ್ಟೆ ತಂದಳು,
ಸೈಕಲ್ಲನ್ನು ಜೂನಿಪರ್ ಪೊದೆಗೆ ಒರಗಿಸಿದಳು.
ಸೀಟಿನ ಕೆಳಗೆ ಒಂದು ಕೆಂಪು ಚುಕ್ಕೆ.
"ನೀನೇ ಅಲ್ಲವಾ ಹಾಕಿಕೊಟ್ಟದ್ದು, ಫೆಬ್ರವರಿಯಲ್ಲಿ,
ಹಿಮದಲ್ಲಿ ಸೀಟು ಕಳಚಿ ನಾನು ಬಿದ್ದಾಗ?
ಅಂದಿನಿಂದ ಅಲ್ಲಾಡಿಲ್ಲ ನೋಡು."

ಬಗ್ಗಿ ನೋಡಿದೆ. ಬಿಗಿಯಾಗಿಯೇ ಇತ್ತು. ತುಕ್ಕು ಕೂಡ ಇಲ್ಲ.

ಮೊಟ್ಟೆ ತೆಗೆದುಕೊಂಡು ಒಳಗೆ ಬಂದೆ.
ಒಮ್ಮೆ ಬಗ್ಗಿಸಿದ ಸೀಳುಪಿನ್ನು ಮತ್ತೆ ಬಳಸುವಂತಿಲ್ಲ;
ನೂರ ನಾಲ್ಕು ಹೊಸದಕ್ಕೆ ಇವತ್ತೇ ಬರೆಯಬೇಕು.
ಬಟ್ಟೆ ಜೂನ್‌ಗಾಯಿತು.